ರೂಟರ್ ಪರವಾಗಿ ಲೇಮುಸು ಆಡಿದ ಮಾತು

ಲೇಮುಸುವಿನ ಅಪ್ಪ ಊರಿನ ಮಾತುಗಾರ ಮುಖಂಡ. ಮದುವೆಯಿರಲಿ, ಸಾವಿರಲಿ, ಎರಡು ಮನೆತನಗಳ ಜಗಳವಿರಲಿ, ಉದ್ದನೆಯ ಕೋಲು ಹಿಡಿದು ಎದ್ದು ನಿಂತನೆಂದರೆ ಅರ್ಧ ಗಂಟೆ ಕೂರುತ್ತಿರಲಿಲ್ಲ. ಮಗನಿಗೋ ನಾಲ್ಕು ಜನರ ಮುಂದೆ ಬಾಯಿ ಬಿಡುವುದೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಪದವಿ ತಮ್ಮನ ಪಾಲಾಯಿತು. ಊರವರು ಅಯ್ಯೋ ಪಾಪ ಅಂದರು. ಲೇಮುಸು ಮಾತ್ರ ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ. ಟೆಲಿಫೋನ್ ಕಂಬ ಹತ್ತುವುದರಲ್ಲೇ ಇಪ್ಪತ್ತೆಂಟು ವರ್ಷ ಕಳೆದ. ನಿವೃತ್ತನಾದ ಮೇಲೂ ಸವಾಯಿ ದ್ವೀಪದ ಉತ್ತರ ಕರಾವಳಿಯಲ್ಲಿ ಯಾರ ಮನೆಯ ಇಂಟರ್ನೆಟ್ ಕೈಕೊಟ್ಟರೂ ಅವನಿಗೇ ಫೋನು. ತಂತಿಗಳು ತಿರುಗಿ ಮಾತಾಡುವುದಿಲ್ಲ, ಅದೇ ಆ ಕೆಲಸದಲ್ಲಿ ಅವನಿಗೆ ಹಿಡಿಸಿದ್ದು.

ಆ ಶನಿವಾರ ಮಧ್ಯಾಹ್ನ ಕರೆದವಳು ವೈಟಸಿ. ಇಪ್ಪತ್ತಮೂರರ ಹುಡುಗಿ. ಬೆಳಗ್ಗೆ ಬ್ರೆಡ್ ಅಂಗಡಿಯಲ್ಲಿ ಕೆಲಸ, ಸಂಜೆ ಕಂಪ್ಯೂಟರಿನಲ್ಲಿ ಫುಟ್‌ಬಾಲ್. ಅಕ್ಕಪಕ್ಕದ ದ್ವೀಪಗಳ ಆಟಗಾರರೆಲ್ಲ ಸೇರುವ ಆನ್‌ಲೈನ್ ಲೀಗಿಗೆ ಅವಳು ಆಯ್ಕೆಯಾಗಿದ್ದಳು. ಆದರೆ ಎರಡು ಪಂದ್ಯಗಳಲ್ಲಿ ನಡುವೆಯೇ ಸಂಪರ್ಕ ಕಡಿದು ಸೋತಿದ್ದಳು. ಮೂರನೆಯ ಸಲ ಕಡಿದರೆ ಲೀಗಿನಿಂದಲೇ ಹೊರಗೆ. ಅಂದಿನ ಪಂದ್ಯ ನಾಲ್ಕು ಗಂಟೆಗೆ ಇತ್ತು. ಇಷ್ಟು ಸಾಲದೆಂಬಂತೆ ಅಮ್ಮ ಸಿಯೇನಿಯ ಮಾತು ಬೇರೆ ಅವಳನ್ನು ಚುಚ್ಚುತ್ತಿತ್ತು. ಸೋತಾಗೆಲ್ಲ ತಪ್ಪನ್ನು ತಂತಿಯ ಮೇಲೆ ಹಾಕುತ್ತಾಳೆ, ಅದೊಂದು ಆಟವಂತೆ ಎಂದು ಅಮ್ಮ ನೆರೆಯವರ ಮುಂದೆಯೇ ಆಡಿಕೊಂಡಿದ್ದಳು.

ಲೇಮುಸು ಬಂದಾಗ ಮೂರು ಗಂಟೆ. ಹೊರಗಿನ ತಂತಿ ನೋಡಿದ, ಹೊಚ್ಚ ಹೊಸದು. ಹಿಂದೆ ಬಂದ ಇಬ್ಬರು ರಿಪೇರಿಯವರೂ ಅದನ್ನೇ ಬದಲಿಸಿ, ಕೋಕೋ ಕುಡಿದು ಹೋಗಿದ್ದರಂತೆ. ರೂಟರ್ ಎಲ್ಲಿ ಎಂದು ಕೇಳಿದ. ವೈಟಸಿ ಬಾಯಿ ಬಿಡದೆ ಹುಬ್ಬು ಹಾರಿಸಿ ಮೂಲೆ ತೋರಿಸಿದಳು.

ಮೂಲೆಯಲ್ಲಿ ಗಾಜಿನ ಬೀರು. ಅದರೊಳಗೆ ಮನೆಯ ಗಂಡಸರು ಮೂರು ತಲೆಮಾರಿನಿಂದ ರಗ್ಬಿಯಲ್ಲಿ ಗೆದ್ದ ಬೆಳ್ಳಿಬಣ್ಣದ ಕಪ್ಪುಗಳು. ಅವುಗಳ ನಟ್ಟನಡುವೆ, ಚಿತ್ತಾರದ ತೊಗಟೆಬಟ್ಟೆ ಹೊದ್ದು, ಕೊಂಬುಗಳಿಗೆ ಕಪ್ಪೆಚಿಪ್ಪಿನ ಹಾರ ಹಾಕಿಸಿಕೊಂಡು ರೂಟರ್ ಕೂತಿತ್ತು. ಆಕ್ಲೆಂಡಿನಿಂದ ಸಿಯೇನಿಯ ತಂಗಿ ಕಳಿಸಿದ ಉಡುಗೊರೆ ಅದು. ಪಾದ್ರಿಯನ್ನು ಕರೆಸಿ ಪ್ರಾರ್ಥನೆ ಮಾಡಿಸಿ ಒಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಸಿಯೇನಿ ಕೊರಳಿಗೆ ಕಟ್ಟಿಕೊಂಡಿದ್ದಳು.

ಲೇಮುಸು ಗಾಜಿನ ಮೇಲೆ ಅಂಗೈ ಇಟ್ಟ. ಅಡುಗೆಗೆಂದು ಒಲೆಯಲ್ಲಿ ಕಾಯಿಸಿ ಆಗತಾನೆ ತೆಗೆದ ಕಲ್ಲಿನಂತೆ ಬಿಸಿ. ಒಳಗೆ ಗಾಳಿಯಿಲ್ಲ, ಮೇಲೆ ಹೊದಿಕೆ. ಸ್ವಲ್ಪ ಹೊತ್ತು ದುಡಿದರೆ ಸಾಕು, ಪಾಪದ್ದು ಕಾದು ಆರಿಹೋಗಿ, ಮತ್ತೆ ತಾನೇ ಹೊತ್ತಿಕೊಳ್ಳುತ್ತಿತ್ತು. ಹಿಂದೆ ಬಂದಿದ್ದ ಇಬ್ಬರಿಗೂ ಇದು ಗೊತ್ತಾಗದೆ ಇರಲಿಲ್ಲ. ಹಿರಿಯಳು ಮರ್ಯಾದೆಯಿಂದ ಇಟ್ಟ ಉಡುಗೊರೆಯನ್ನು ಕದಲಿಸಿ ಎನ್ನಲು ಆ ಹುಡುಗರಿಗೆ ಎದೆ ಎಲ್ಲಿಂದ ಬರಬೇಕು? ಸುಮ್ಮನೆ ಒಳ್ಳೆಯ ತಂತಿ ಕಿತ್ತು ಹೊಸದು ಹಾಕಿದ್ದರು.

"ನೀವೇ ಹೇಳಿ ಮಾವ," ವೈಟಸಿ ಪಿಸುಗುಟ್ಟಿದಳು. "ನಾನು ಬಾಯಿ ಬಿಟ್ರೆ ಇನ್ನೊಂದು ಬೀಗ ಬೀಳುತ್ತೆ."

ಲೇಮುಸು ಗಡಿಯಾರ ನೋಡಿದ. ಮೂರೂ ಇಪ್ಪತ್ತು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಸಿಯೇನಿ ಕೋಕೋ ತಂದಿಟ್ಟು ಎದುರು ಕೂತಳು. ಲೇಮುಸುವಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಆ ಹುಡುಗಿಯ ಮುಖ ನೋಡಿ ಹೋಗಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು, ಮೊದಲು ಮನೆತನದ ಹೆಸರು ಹೇಳಿ ವಂದಿಸಿ, ಅಪ್ಪ ಶುರುಮಾಡುತ್ತಿದ್ದ ಹಾಗೆಯೇ ಶುರುಮಾಡಿದ.

"ಅಕ್ಕಾ, ನಿಮ್ಮನೇಗೆ ಆಕ್ಲೆಂಡಿಂದ ಒಬ್ಬ ಬಂದಿದ್ದಾನೆ. ಹಾರ ಹಾಕಿ, ಬಟ್ಟೆ ಹೊದಿಸಿ ಚೆನ್ನಾಗೇ ನೋಡ್ಕೊಂಡಿದ್ದೀರ. ಆದ್ರೆ ಅವನ ಕೆಲ್ಸ ಏನು? ಮಾತಾಡೋದು. ಅಲ್ಲಿಯವರ ಮಾತು ಇಲ್ಲಿಗೆ, ಇಲ್ಲಿಯವರ ಮಾತು ಅಲ್ಲಿಗೆ. ನಮ್ಮ ಸಭೇಲಿ ಮಾತಾಡೋನ ಜಾಗ ಎಲ್ಲಿ?"

"ಮನೆ ಮುಂಭಾಗದ ಕಂಬದ ಹತ್ರ," ಎಂದಳು ಸಿಯೇನಿ. ಇದೇನು ಕೇಳುವ ಮಾತೇ ಎನ್ನುವಂತಿತ್ತು ಅವಳ ಮುಖ.

"ನಮ್ಮಪ್ಪ ನಲವತ್ತು ವರ್ಷ ಅಲ್ಲೇ ಕೂತಿದ್ದು. ಅವರನ್ನ ಈ ಬೀರು ಒಳಗೆ ಕೂರ್ಸಿ ಬೀಗ ಹಾಕಿದ್ರೆ ಏನಾಗ್ತಿತ್ತು?"

ಸಿಯೇನಿ ಒಮ್ಮೆ ಬೀರು ನೋಡಿದಳು, ಒಮ್ಮೆ ಮಗಳನ್ನು, ಆಮೇಲೆ ಲೇಮುಸುವನ್ನು. ಅವಳಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗಿದ್ದು ಮುಖದಲ್ಲಿ ಕಾಣದ ಹಾಗೆ ಕೋಕೋದ ಲೋಟ ಅವನತ್ತ ಸರಿಸಿದಳು.

"ಉಸಿರು ಕಟ್ಟಿ ಸಾಯ್ತಿದ್ರು," ಅಂದಳು. "ಸತ್ರೂ ಮಾತು ನಿಲ್ಲಿಸ್ತಿರ್ಲಿಲ್ಲ." ಕೊರಳಿನ ಕೀಲಿ ಬಿಚ್ಚಿದಳು. "ನಿನಗೂ ನಾಲಿಗೆ ಇದೆ ಅಂತ ಇವತ್ತು ಗೊತ್ತಾಯ್ತು ತಮ್ಮಾ."

ಗಾಳಿಯಾಡುವ ಆ ಮುಂಭಾಗದ ಕಂಬದ ಬಳಿ ರೂಟರಿಗೆ ಒಂದು ಮಣೆ ಬಂತು. ತೊಗಟೆಬಟ್ಟೆ ಇರಲೇಬೇಕೆಂದು ಸಿಯೇನಿ ಹಟ ಹಿಡಿದಳು. ಅಡಿಗೆ ಹಾಸಬಹುದು, ಮೇಲೆ ಹೊದಿಸುವಂತಿಲ್ಲ ಎಂದು ಒಪ್ಪಂದವಾಯಿತು. ಗಾಳಿಯಲ್ಲಿ ಬರುವ ವೈಫೈಯನ್ನು ನಂಬಬೇಡ ಎಂದು ವೈಟಸಿಗೆ ಹೇಳಿ, ಲೇಮುಸು ಸೂರಿನ ಗುಂಟ ಒಂದು ತಂತಿ ಎಳೆದು ನೇರ ಅವಳ ಕಂಪ್ಯೂಟರಿಗೆ ಸಿಕ್ಕಿಸಿದ. ಆಗ ನಾಲ್ಕಕ್ಕೆ ಐದು ನಿಮಿಷ ಇತ್ತು.

ವೈಟಸಿ ಕೋಣೆಯೊಳಗೆ ಆಡುತ್ತಿದ್ದಳು. ಅದೇ ಪಂದ್ಯ ಹೊರಗೆ ಟೀವಿಯಲ್ಲಿ ನೇರವಾಗಿ ಬರುತ್ತಿತ್ತು. ಸಿಯೇನಿ, ನೆರೆಯ ಹೆಂಗಸರು ಅದರ ಮುಂದೆ ಕೂತಿದ್ದರು. ಲೇಮುಸು ಟೀವಿಯತ್ತ ತಿರುಗಲೂ ಇಲ್ಲ, ರೂಟರಿನ ಹಸಿರು ದೀಪವನ್ನೇ ನೋಡುತ್ತ ಕೂತ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹಿಂದೆ ಎರಡು ಸಲವೂ ಕಡಿದಿದ್ದ ಹೊತ್ತು ಬಂತು. ಅವನು ಡಬ್ಬಿಯ ಮೇಲೆ ಕೈಯಿಟ್ಟ. ತಣ್ಣಗಿತ್ತು. ದೀಪ ಅಲುಗಲಿಲ್ಲ. ಕೊನೆಯ ಸೀಟಿ ಕೇಳಿದಾಗಲೇ ಅವನು ಉಸಿರು ಬಿಟ್ಟಿದ್ದು. ಹಗುರಾಯಿತು, ಮೈಯೆಲ್ಲ ಹಗುರಾಯಿತು.

ಟೀವಿಯ ಮುಂದೆ ಕೂತವರ ಮುಖ ಮಾತ್ರ ಬಾಡಿತ್ತು. ವೈಟಸಿ ಎರಡು ಗೋಲು ಬಿಟ್ಟುಕೊಟ್ಟು, ಒಂದು ಹೊಡೆದು ಸೋತಿದ್ದಳು.

ಕೋಣೆಯಿಂದ ಅವಳು ಬಂದಳು. ಕಣ್ಣು ಒದ್ದೆ, ಮುಖದ ತುಂಬ ನಗು.

"ಅಮ್ಮಾ, ತಂತೀದು ಏನೂ ತಪ್ಪಿಲ್ಲ. ಇವತ್ತು ನಾನೇ ಸೋತೆ."

"ನಂಗೇನು ಹೇಳ್ತೀಯ, ನಾನು ಪೂರ್ತಿ ನೋಡಿದೀನಿ," ಎಂದಳು ಸಿಯೇನಿ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಎರಡು ಗೋಲೂ ಆ ಎಡಗಡೆಯವನೇ ಹೊಡೆದಿದ್ದು. ಅವನನ್ನ ಯಾಕೆ ಹಂಗೆ ಬಿಟ್ಟೆ? ಮುಂದಿನ ವಾರ ಇಂಥವನು ಸಿಕ್ರೆ ಬೆನ್ನು ಬಿಡಬೇಡ."