ಅಗಿಯುವ ವೈನು, ನುಂಗುವ ಮುದ್ದೆ

ಇಲ್ಲಿ ವೈನನ್ನೂ ಅಗಿಯುತ್ತಾರೆ. ಗುಟುಕನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಕಣ್ಣು ಮುಚ್ಚಿ ಕೂರುತ್ತಾರೆ. ನಮ್ಮೂರ ಗಂಡಸರು ಮುಖ ಹಿಂಡಿಕೊಂಡು ಬೇಗ ಒಳಗಿಳಿಸುವಂಥ ಮದ್ಯವನ್ನು ಇಲ್ಲಿ ಅಜ್ಜಿಯರೂ ಊಟದ ಜೊತೆ ನಿಧಾನಕ್ಕೆ ಸವಿಯುತ್ತಾರೆ. ಕನಕಪುರದ ದೊಡ್ಡಆಲಹಳ್ಳಿಯಲ್ಲಿ ಮುದ್ದೆ ನುಂಗಿ ಬೆಳೆದ ನನಗೆ ಇಟಲಿಯ ಈ ಬೆಟ್ಟದೂರಿನಲ್ಲಿ ಚಳಿಗಿಂತ, ಭಾಷೆಗಿಂತ ವಿಚಿತ್ರವಾಗಿ ಕಂಡದ್ದು ಇದೇ.

ನಮ್ಮೆಜಮಾನರು ಇಲ್ಲಿ ಹಸುವಿನ ಫಾರಂ ಕೆಲಸಕ್ಕೆ ಬಂದರು, ಅವರ ಹಿಂದೆ ನಾನು. ಚಳಿಗಾಲ ಕಳೆದರೆ ಆ ಫಾರಂ ಮುಚ್ಚುತ್ತದೆಂದು ಗೊತ್ತಾಯಿತು. ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಖಾಯಂ ಕೆಲಸವಿಲ್ಲದಿದ್ದರೆ ಇಲ್ಲಿರುವ ಪರವಾನಗಿ ಮುಂದುವರಿಯುವುದಿಲ್ಲ. ನಾನು ಪಾತ್ರೆ ತೊಳೆಯುತ್ತಿದ್ದ ತ್ರತ್ತೋರಿಯಾದಲ್ಲಿ, ಅಂದರೆ ಮನೆಯವರೇ ನಡೆಸುವ ಸಣ್ಣ ಹೋಟೆಲಿನಲ್ಲಿ, ಬಡಿಸುವ ಕೆಲಸ ಖಾಲಿಯಿತ್ತು. ಒಡತಿ ಪಾವೊಲಾ ಒಂದೇ ಷರತ್ತು ಹಾಕಿದಳು. ಯಾವ ಊಟಕ್ಕೆ ಯಾವ ವೈನು ಎಂದು ಗಿರಾಕಿಗೆ ಹೇಳಲು ಬರಬೇಕು.

ಅತ್ತ ದರಿ, ಇತ್ತ ಪುಲಿ. ಕುಡಿದರೆ ಊರಲ್ಲಿರುವ ಅವ್ವನ ಮುಖ ಹೇಗೆ ನೋಡಲಿ, ಕುಡಿಯದಿದ್ದರೆ ಕೆಲಸವಿಲ್ಲ. ಪಾವೊಲಾ ನೆಬ್ಬಿಯೋಲೊ ಎಂಬ ಇಲ್ಲಿನ ದ್ರಾಕ್ಷಿಯ ಕೆಂಪು ವೈನನ್ನು ಲೋಟಕ್ಕೆ ಬಗ್ಗಿಸಿದಳು. ಬೇಗ ಮುಗಿದರೆ ಸಾಕೆಂದು ಮುದ್ದೆಯ ತುತ್ತಿನ ಹಾಗೆ ಹಲ್ಲಿಗೆ ತಾಗಿಸದೆ ಗುಳುಂ ಮಾಡಿಬಿಟ್ಟೆ. ಏನು ರುಚಿ ಎಂದು ಕೇಳಿದಳು. ಗಂಟಲು ಉರಿಯಿತು ಎಂದೆ. ಅವಳು ನಗಲಿಲ್ಲ. ಶನಿವಾರ ನೋಡೋಣ ಎಂದು ಉಳಿದ ಸೀಸೆಯನ್ನು ನನ್ನ ಕೈಗಿಟ್ಟಳು.

‘ಅದೇನ್ ಇಸಾನ? ಔಸ್ದಿ ಕುಡಿಯಾಕಿಲ್ವಾ, ಹಂಗೇ ಒಸಿ ಬಾಯಲ್ಲಿ ಮಡಿಕ್ಕೊ. ಈ ಕೆಲ್ಸಾನೂ ಹೋದ್ರೆ ಎಲ್ಗೋಗದು?’ ಎಂದರು ರಾತ್ರಿ ಮನೆಯಲ್ಲಿ ಎಜಮಾನರು.

ಮಾರನೆಯ ದಿನ ಬಾಯಲ್ಲಿ ಇಟ್ಟುಕೊಂಡೆ. ಬಾಡಿದ ಗುಲಾಬಿಯ ವಾಸನೆ, ಮೊದಲು ಹುಳಿ, ಆಮೇಲೆ ನಾಲಿಗೆ, ಒಸಡು ಎಲ್ಲ ಬಿಗಿದುಕೊಂಡವು. ನಮ್ಮ ಕೆರೆ ಏರಿಯ ನೇರಳೆ ಹಣ್ಣಿನ ಒಗರು ಅದು. ಹೆದರಿಕೆಯ ನಡುವೆಯೂ ಗುರುತಿನವರು ಸಿಕ್ಕಂತಾಯಿತು. ಇದಕ್ಕೆ ದನದ ಮಾಂಸ ಚೆನ್ನ ಎಂದಿದ್ದಳು ಪಾವೊಲಾ. ಅದು ನನಗಾಗದು, ನಮ್ಮದು ಕುರಿ ಸಾಕುವ ಮನೆ. ಕೊಬ್ಬಿರುವ ಕುರಿಮಾಂಸವನ್ನು ಉಪ್ಪು ಹಾಕಿ ಬೇಯಿಸಿ, ಒಂದು ತುಂಡು ತಿಂದು ಒಂದು ಗುಟುಕು ಕುಡಿದೆ. ಕೊಬ್ಬಿಗೆ ಒಗರು ಸಡಿಲವಾಗಿ ಹಿಂದಿನಿಂದ ಹಣ್ಣಿನ ರುಚಿ ಬಂತು. ಊರಿನ ಖಾರದಪುಡಿ ಉದುರಿಸಿ ತಿಂದು ಕುಡಿದೆ, ಬಾಯಿಗೆ ಬೆಂಕಿ ಬಿತ್ತು. ಮರುದಿನ ಹೋಟೆಲಿನಲ್ಲಿ ಬಾರ್ಬೆರಾ ಎಂಬ ಇನ್ನೊಂದು ಕೆಂಪು ವೈನನ್ನೂ ಹೀಗೇ ಖಾರದ ಜೊತೆ ನೋಡಿದೆ, ಅದು ಅಷ್ಟು ಉರಿಯಲಿಲ್ಲ.

ಶನಿವಾರ ಒಬ್ಬ ಗಿರಾಕಿ ಮೆಣಸಿನಕಾಯಿ ಹಾಕಿದ ಸಾಸೇಜು ಹೇಳಿ, ಜೊತೆಗೆ ನೆಬ್ಬಿಯೋಲೊ ಕೇಳಿದ. ಪಾವೊಲಾ ಗಲ್ಲಾದ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಖಾರಕ್ಕೆ ಅದು ಉರಿಯುತ್ತದೆ, ಬಾರ್ಬೆರಾ ತಗೊಳ್ಳಿ, ಹುಳಿ ಇದೆ, ಒಗರು ಕಡಿಮೆ ಎಂದು ಹರಕು ಇಟಾಲಿಯನ್ನಿನಲ್ಲಿ ಹೇಳಿದೆ. ಅವನು ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿನ್ನುವವರೆಗೂ ನಾನು ಪಕ್ಕದ ಮೇಜನ್ನೇ ಒರೆಸುತ್ತಿದ್ದೆ. ಸೋಮವಾರದಿಂದ ಬಡಿಸಲು ಬಾ ಎಂದಳು ಪಾವೊಲಾ. ಕೆಲಸ ಸಿಕ್ಕಿತೆಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಹೇಗೆಂದು ಹೇಳಲಿಲ್ಲ.

ಇಲ್ಲಿ ಯಾರೂ ನೋಡದಿದ್ದರೆ ನಾನು ಇವತ್ತಿಗೂ ವೈನನ್ನು ಗುಳುಂ ಮಾಡುತ್ತೇನೆ. ಊರಲ್ಲಾದರೂ ನುಂಗುವುದು ಸಲೀಸು ಎಂದುಕೊಂಡಿದ್ದೆ.

ಈ ಸಲ ಹೋದಾಗ ಅವ್ವ ಮುದ್ದೆ, ಕುರಿ ಸಾರು ಮಾಡಿದ್ದಳು. ತುತ್ತು ಮುರಿದು ಸಾರಿಗದ್ದಿ ಬಾಯಿಗಿಟ್ಟೆ. ನಾಲಿಗೆ ತನ್ನಷ್ಟಕ್ಕೆ ಅದನ್ನು ಹೊರಳಿಸಿ, ಚಕ್ಕೆ ಎಲ್ಲಿ, ಕೊತ್ತಂಬರಿ ಎಲ್ಲಿ ಎಂದು ಹುಡುಕತೊಡಗಿತು. ಮುದ್ದೆ ಅಂಗುಳಕ್ಕೆ ಮೆತ್ತಿಕೊಂಡಿತು. ಅವ್ವ ನನ್ನ ದವಡೆಯನ್ನೇ ನೋಡುತ್ತಿದ್ದಳು.

‘ಯಾಕವ್ವ, ಮುದ್ದೆ ಅಗೀತಾ ಇದ್ದೀಯ?’

ಬಾಯಿ ತುಂಬಿತ್ತು.

‘ಇರು, ಅನ್ನ ತತ್ತೀನಿ’ ಎಂದು ಎದ್ದು ಒಳಗೆ ಹೋದಳು. ನಮ್ಮ ಮನೆಯಲ್ಲಿ ಮುದ್ದೆ ಮುಗಿಯುವ ಮೊದಲೇ ಅನ್ನ ಬರುವುದು ಮುದ್ದೆ ನುಂಗಲು ಬಾರದ ಪೇಟೆ ನೆಂಟರಿಗೆ ಮಾತ್ರ. ಬೇಡವ್ವ ಎನ್ನಲು ಆ ತುತ್ತನ್ನು ನುಂಗಬೇಕಿತ್ತು. ನುಂಗುವಷ್ಟರಲ್ಲಿ ಅನ್ನ ತಟ್ಟೆಗೆ ಬಿದ್ದಿತ್ತು.