ಗೆರೆ ಮೇಡಂ ಕತ್ತು

ಕಣ್ಣಾಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗೆರೆ ಮೇಡಂ ಎಂದೇ. ಕಣ್ಣಿನ ಮುಂದಿನ ಗಾಜಿನಂಥ ಪದರ ಕೆಲವರಿಗೆ ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ. ಅಂಥವರಿಗೆ ದೀಪಗಳು ಎಳೆದ ಹಾಗೆ, ಅಕ್ಷರಗಳು ಕಲಸಿದ ಹಾಗೆ ಕಾಣುತ್ತವೆ. ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಇಡುವ ಲೆನ್ಸ್ ಆ ಬಾಗಿಗೆ ಸರಿಯಾದ ಕೋನದಲ್ಲೇ ಕೂರಬೇಕು. ಮಲಗಿದರೆ ಕಣ್ಣು ತುಸು ಹೊರಳುವುದರಿಂದ, ರೋಗಿ ಕೂತಿರುವಾಗಲೇ ಕಣ್ಣಿಗೆ ಶಾಯಿಯ ಅಡ್ಡಗೆರೆ ಹಾಕುವುದು ಅವಳ ಕೆಲಸ.

ಆ ಕೆಲಸ ಅವಳ ತಲೆಗೇರಿತ್ತು. ಬ್ಯಾಂಕಿಗೆ ಹೋದರೆ ಅಲ್ಲಿನ ಕ್ಯಾಲೆಂಡರನ್ನು ನೆಟ್ಟಗೆ ಮಾಡಿಯೇ ಬರುತ್ತಿದ್ದಳು. ಮೀಸೆ ಎಡಕ್ಕೆ ಇಳಿದಿದೆ ಎಂದು ಅವಳು ದಿನಾ ಹೇಳಿದ್ದಕ್ಕೆ ಗಂಡ ಮೀಸೆಯನ್ನೇ ಬೋಳಿಸಿಬಿಟ್ಟಿದ್ದ.

ಅಂಥವಳನ್ನು ಡಾಕ್ಟರು ಒಂದು ದಿನ ಕರೆದು, ಆಪರೇಷನ್ನುಗಳ ಫಲಿತಾಂಶವನ್ನೆಲ್ಲ ಒಂದು ವೃತ್ತದಲ್ಲಿ ಚುಕ್ಕಿ ಹಾಕಿ ತೋರಿಸಿದರು.

"ಚುಕ್ಕಿಗಳು ನಡುಮಧ್ಯ ಇರ್ಬೇಕಿತ್ತು. ನೀವು ಗೆರೆ ಹಾಕಿದ್ದೆಲ್ಲ ಒಂದೇ ಪಕ್ಕಕ್ಕೆ ಸರಿದಿವೆ, ನೋಡಿ."

ಅವಳಿಗೆ ಮೊದಲು ಅನುಮಾನ ಬಂದದ್ದು ಕುರ್ಚಿಯ ಮೇಲೆ. ಮೇಸ್ತ್ರಿಯ ರಸಮಟ್ಟ ತಂದು ಕುರ್ಚಿಗೆ, ನೆಲಕ್ಕೆ, ಯಂತ್ರಕ್ಕೆ ಹಿಡಿದಳು. ಎಲ್ಲವೂ ನೆಟ್ಟಗಿದ್ದವು. ಮನಸ್ಸಿನಲ್ಲೇ ಡಾಕ್ಟರ ಕೈಯನ್ನೂ ಅನುಮಾನಿಸಿದಳು, ಪಾಪ.

ಅಷ್ಟರಲ್ಲಿ ಅವಳ ಅಮ್ಮನ ಆಪರೇಷನ್ನಿನ ಸರದಿ ಬಂತು. ಅಮ್ಮ ಶಾಲೆಯ ವ್ಯಾನ್ ಓಡಿಸುವವಳು. ಕಣ್ಣು ಸರಿಹೋಗದಿದ್ದರೆ ಸ್ಟೇರಿಂಗ್ ಬಿಡಬೇಕು.

"ಬೇರೆಯವರ ಹತ್ರ ಗೆರೆ ಹಾಕಿಸ್ತೀನಮ್ಮ."

"ಮಗಳನ್ನ ಓದಿಸಿದ್ದು ಬೇರೆಯವರ ಕೈಲಿ ಗೆರೆ ಹಾಕಿಸ್ಕೊಳ್ಳೋಕಾ? ಸುಮ್ನೆ ಹಾಕೇ."

ಪೆನ್ನು ಹಿಡಿದು ಅವಳು ಬಾಗಿದಳು.

"ಅದ್ಯಾಕೆ ಕತ್ತು ವಾಲಿಸ್ತೀಯ?"

"ನೆಟ್ಟಗೇ ಇದೀನಮ್ಮ. ಮಾತಾಡ್ಬೇಡ."

"ನೆಟ್ಟಗಂತೆ! ವ್ಯಾನಿನ ಕನ್ನಡೀಲಿ ಚಿಕ್ಕಂದಿನಿಂದ ನೋಡಿದೀನಿ. ಮನಸ್ಸಿಟ್ಟು ಏನಾದ್ರೂ ನೋಡೋಕೆ ಹೊರಟ್ರೆ ಸಾಕು, ಗುಬ್ಬಚ್ಚಿ ಹಾಗೆ ಕತ್ತು ಬಲಕ್ಕೆ ಬೀಳತ್ತೆ."

ಪೆನ್ನು ಗಾಳಿಯಲ್ಲೇ ನಿಂತಿತು. ಕುರ್ಚಿ, ನೆಲ, ಯಂತ್ರ, ಗಂಡನ ಮೀಸೆ. ಊರಿನ ಓರೆಯನ್ನೆಲ್ಲ ಅಳೆದವಳು ತನ್ನ ಕುತ್ತಿಗೆಯ ಮೇಲಿನದಕ್ಕೆ ಮಾತ್ರ ರಸಮಟ್ಟ ಹಿಡಿದಿರಲಿಲ್ಲ. ಮೀಸೆಗಾದರೂ ಕ್ಷಮೆ ಕೇಳಬೇಕು ಅನ್ನಿಸಿತು.

ಅಮ್ಮ ಅವಳ ಎರಡೂ ಕಿವಿ ಹಿಡಿದು ತಲೆಯನ್ನು ನೇರ ಮಾಡಿದಳು.

"ಹ್ಞೂಂ, ಈಗ ಹಾಕು."

ಬಾಗಿಲಲ್ಲಿದ್ದ ನರ್ಸು ನಗು ತಡೆಯಲಾರದೆ ಆಚೆ ಹೋದಳು. ಪ್ರಪಂಚ ಎಡಕ್ಕೆ ವಾಲಿದಂತೆ ಕಂಡರೂ ಗೆರೆ ಮೇಡಂ ಉಸಿರು ಬಿಗಿಹಿಡಿದು ಗೆರೆ ಹಾಕಿದಳು.

ಪಟ್ಟಿ ಬಿಚ್ಚಿದ ಕೆಲವು ವಾರಗಳ ಮೇಲೆ ಅಮ್ಮನ ಚುಕ್ಕಿ ವೃತ್ತದ ನಡುವಿಗೇ ಬಂದು ಕೂತಿತು. ಗೋಡೆಯ ಮೇಲಿನ ಅಕ್ಷರಗಳನ್ನು ಅಮ್ಮ ಕೊನೆಯ ಸಾಲಿನವರೆಗೂ ಪಟಪಟನೆ ಓದಿದಳು. ಪಕ್ಕದಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ ತನ್ನನ್ನೇ ನೋಡುತ್ತ ನಿಂತಿದ್ದ ಮಗಳತ್ತ ತಿರುಗಿ, ಹುಬ್ಬುಗಂಟಿಕ್ಕಿದಳು.

"ಅಯ್ಯೋ, ನಿನ್ ಕತ್ತು ನಾನಂದ್ಕೊಂಡಿದ್ದಕ್ಕಿಂತ ಜಾಸ್ತೀನೇ ಓರೆ ಕಣೇ!"