ಬ್ರಾಂಚಿಗೆ ಹೋಗುವ ಚೀಲ

ಅಮ್ಮ ನನ್ನನ್ನು ‘ಅಕ್ಕ’ ಎಂದು ಕರೆಯತೊಡಗಿದಾಗ ಮೊದಮೊದಲು ನಗು ಬರುತ್ತಿತ್ತು. ತೀರಿಹೋದ ದೊಡ್ಡಮ್ಮನೇ ನಾನು ಎಂದುಕೊಂಡಿದ್ದಾಳೆ ಎಂದು ತಿಳಿದ ದಿನ ಬಚ್ಚಲಿಗೆ ಹೋಗಿ ಅತ್ತೆ.

“ದಿನಾ ನಡೆಸಿ,” ಎಂದರು ಡಾಕ್ಟರು. “ನಡೆದರೆ ಮೆದುಳಿಗೆ ರಕ್ತ ಚೆನ್ನಾಗಿ ಹೋಗ್ತದೆ. ಒಂದು ರಾಸಾಯನಿಕವೂ ಹೆಚ್ಚುತ್ತದೆ, ನೆನಪಿನ ಜೀವಕೋಶಗಳಿಗೆ ಅದು ಗೊಬ್ಬರ ಇದ್ದ ಹಾಗೆ. ಹೋದದ್ದೆಲ್ಲ ವಾಪಸ್ ಬರ್ತದೆ ಅಂತ ಹೇಳುವುದಿಲ್ಲ. ಇದ್ದದ್ದು ಸ್ವಲ್ಪ ಗಟ್ಟಿ ನಿಲ್ಲಬಹುದು.” ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಅಮ್ಮನನ್ನು ಹೊರಡಿಸುವುದೇ ಕಷ್ಟವಾಯಿತು. ನಲವತ್ತು ವರ್ಷ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವಳು ಅವಳು. ಕದ್ರಿ ಪಾರ್ಕಿನಲ್ಲಿ ಸುತ್ತು ಹಾಕುವವರನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟಳು. “ಇವರಿಗೆ ಮನೆಯಲ್ಲಿ ಎಂತ ಕೆಲಸವೂ ಇಲ್ವಾ?” ನಾನು ರೇಗಿದೆ. ಅವಳೂ ರೇಗಿದಳು. ಒಂದು ವಾರ ಇದೇ ಆಯಿತು.

ಕೊನೆಗೆ ಅಟ್ಟದಿಂದ ಅವಳ ಹಳೆಯ ಬಟ್ಟೆಚೀಲ ಇಳಿಸಿ, ಒಳಗೊಂದು ಟವೆಲು ಮಡಚಿಟ್ಟು ಕೈಗೆ ಕೊಟ್ಟೆ. ಕಟ್ಟಿದ ಬೀಡಿ ಒಪ್ಪಿಸಿ ಎಲೆ, ಹೊಗೆಸೊಪ್ಪು ತರಲು ಬೀಡಿ ಬ್ರಾಂಚಿಗೆ ಒಯ್ಯುತ್ತಿದ್ದ ಚೀಲ ಅದು. ತಾನೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. “ಬೇಗ ಬಾ ಅಕ್ಕ, ಬ್ರಾಂಚ್ ಮುಚ್ತದೆ.”

ಮೋಸ ಮಾಡುತ್ತಿದ್ದೇನೆ ಎಂದು ಸಂಕಟವಾಯಿತು. ಆದರೆ ಅವಳ ನಡಿಗೆ ಎಷ್ಟು ಚುರುಕು! ಕದ್ರಿಯ ಏರಿನಲ್ಲಿ ಏದುಸಿರು ಬಿಟ್ಟವಳು ನಾನು. “ಚೀಲ ಕೊಡು, ನಾನು ಹಿಡೀತೇನೆ” ಎಂದರೆ ಎದೆಗೆ ಒತ್ತಿಕೊಳ್ಳುತ್ತಿದ್ದಳು. “ಬೇಡ. ಏರಿನಲ್ಲಿ ನನ್ನ ಮಗಳು ಹಿಡೀತಾಳೆ.”

ನಿಜ. ನಾನು ಚಿಕ್ಕವಳಿದ್ದಾಗ ಬ್ರಾಂಚಿನಿಂದ ಬರುವ ದಾರಿಯಲ್ಲಿ ಏರು ಸಿಕ್ಕಿದ ಕೂಡಲೇ ಚೀಲ ನನ್ನ ಕೈಗೆ ಬರುತ್ತಿತ್ತು, ಏಕೆಂದರೆ ತಮ್ಮ ಅವಳ ಸೊಂಟ ಏರುತ್ತಿದ್ದ. ದೊಡ್ಡ ಕೆಲಸ ಮಾಡುತ್ತಿದ್ದೇನೆಂಬ ಜಂಬ ನನಗೆ. ಈಗ ಅವಳು ಆ ಮಗಳಿಗಾಗಿ ಕಾಯುತ್ತಿದ್ದಳು, ಪಕ್ಕದಲ್ಲೇ ನಾನು ನಡೆಯುತ್ತಿದ್ದೆ.

ಮೂರು ತಿಂಗಳಲ್ಲಿ ಸಣ್ಣಪುಟ್ಟದ್ದು ಮರಳಿತು. ಗ್ಯಾಸ್ ಆಫ್ ಮಾಡುವುದು, ಮಧ್ಯಾಹ್ನದ ಮಾತ್ರೆ. ನಡಿಗೆಯಿಂದಲೋ ಚೀಲದಿಂದಲೋ, ಡಾಕ್ಟರಿಗೂ ಗೊತ್ತಿಲ್ಲ. ‘ಅಕ್ಕ’ ಮಾತ್ರ ಹೋಗಲಿಲ್ಲ.

ಹೋದ ಸೋಮವಾರ ಏರಿನ ಅರ್ಧದಲ್ಲಿ ಅಮ್ಮ ನಿಂತಳು. ಸೆರಗಿನಿಂದ ಬೆವರು ಒರೆಸಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಚೀಲವನ್ನು ನನ್ನ ಕೈಗಿಟ್ಟಳು.

“ಹಿಡಿ ಮಗಾ. ಕೂದಲೆಲ್ಲ ಎಷ್ಟು ಬೆಳ್ಳಗಾಗಿದೆ ಮಾರಾಯ್ತಿ ನಿಂದು!”

ಒಂದು ಟವೆಲಿನ ಭಾರ, ಅಷ್ಟೇ. ಮನೆ ತಲುಪಿದ ಮೇಲೂ ನಾನದನ್ನು ಕೆಳಗಿಡಲಿಲ್ಲ.